ಹಾವೇರಿ ಜಿಲ್ಲೆಯ ಜನಪದ ಕುಣಿತಗಳ ಹೆಜ್ಜೆ ಮತ್ತು ತಾಳ

ಹಾವೇರಿ ಜಿಲ್ಲೆಯ ಜನಪದ ಕುಣಿತಗಳು ಕರ್ನಾಟಕದ ಹಾವೇರಿ ಜಿಲ್ಲೆಯಲ್ಲಿ, ವಿಶೇಷವಾಗಿ ಹಾನಗಲ್ಲ, ಶಿಗ್ಗಾವಿ, ಸವಣೂರು ಮತ್ತು ಹಿರೇಕೆರೂರು ಭಾಗಗಳಲ್ಲಿ, ಜಾತ್ರೆ, ಹಬ್ಬ, ಹರಕೆ ಹಾಗೂ ಮದುವೆಯ ಸಂದರ್ಭಗಳಲ್ಲಿ ನಡೆಯುವ ಸಾಮೂಹಿಕ ನೃತ್ಯಪ್ರಕಾರಗಳು. ಡೊಳ್ಳು ಕುಣಿತ, ಪುರವಂತಿಕೆ, ಮೊಹರಂ ಹೆಜ್ಜೆಮೇಳ, ಕೋಲಾಟ ಮತ್ತು ದೊಡ್ಡಾಟದ ಕುಣಿತ ಇವುಗಳಲ್ಲಿ ಮುಖ್ಯವಾದವು. ಆರಾಧನೆ, ವೇಷಭೂಷಣ ಮತ್ತು ವಾದ್ಯಗಳಲ್ಲಿ ಇವು ಒಂದಕ್ಕೊಂದು ಭಿನ್ನವಾಗಿದ್ದರೂ ರಚನೆಯಲ್ಲಿ ಒಂದು ಸಮಾನ ಲಕ್ಷಣವನ್ನು ಹೊಂದಿವೆ. ಇವುಗಳಲ್ಲಿ ಹಾಡು, ತಾಳ ಮತ್ತು ಹೆಜ್ಜೆಗಳನ್ನು ಬೇರೆ ಬೇರೆಯಾಗಿ ಕಲಿಸುವ ಪದ್ಧತಿಯಿಲ್ಲ. ಹಾಡಿನ ಸಾಲು ಎಲ್ಲಿ ಮುಗಿಯಿತೆಂಬುದನ್ನು ಕಾಲು ತೋರಿಸುತ್ತದೆ. ಕಾಲು ಎಲ್ಲಿ ತಿರುಗಬೇಕೆಂಬುದನ್ನು ವಾದ್ಯದ ಪೆಟ್ಟು ತಿಳಿಸುತ್ತದೆ. ಈ ಲೇಖನವು ಆ ಸಂಬಂಧವನ್ನು ಪ್ರಕಾರವಾರು ವಿವರಿಸುತ್ತದೆ.

ಪ್ರದೇಶ ಮತ್ತು ಹಿನ್ನೆಲೆ

ಹಾವೇರಿ ಜಿಲ್ಲೆಯು 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾಯಿತು. ಮಲೆನಾಡಿನ ಸೆರಗು ಮತ್ತು ಬಯಲುಸೀಮೆ ಕೂಡುವ ಈ ಭಾಗದಲ್ಲಿ ವರದಾ, ಧರ್ಮಾ ಮತ್ತು ಕುಮುದ್ವತಿ ನದಿಗಳು ಹರಿಯುತ್ತವೆ. ಇಲ್ಲಿನ ಕುಣಿತಗಳಲ್ಲಿಯೂ ಎರಡು ಸೀಮೆಗಳ ಪದ್ಧತಿಗಳು ಬೆರೆತಿವೆ.

ಹಾನಗಲ್ಲು ಶಾಸನಗಳಲ್ಲಿ ಪಾನುಂಗಲ್ಲು ಎಂದೂ ವಿರಾಟನಗರ ಎಂದೂ ಉಲ್ಲೇಖಗೊಂಡಿದೆ. ಪಾಂಡವರು ಅಜ್ಞಾತವಾಸ ಕಳೆದ ವಿರಾಟನ ರಾಜಧಾನಿ ಇದೇ ಎಂಬುದು ಸ್ಥಳೀಯ ಐತಿಹ್ಯ. ಅರ್ಜುನನು ಬೃಹನ್ನಳೆಯಾಗಿ ರಾಜಕುಮಾರಿ ಉತ್ತರೆಗೆ ನೃತ್ಯ ಕಲಿಸಿದ ಊರೆಂದು ಹಾನಗಲ್ಲನ್ನು ಜನ ನೆನೆಯುವುದೂ ಇದೇ ಕಾರಣದಿಂದ. ಶಿಗ್ಗಾವಿ ತಾಲ್ಲೂಕಿನ ಬಾಡ ಗ್ರಾಮವು ಕನಕದಾಸರ ಜನ್ಮಸ್ಥಳ. ಅದೇ ತಾಲ್ಲೂಕಿನ ಶಿಶುವಿನಹಾಳವು ತತ್ವಪದಕಾರ ಶಿಶುನಾಳ ಶರೀಫರ (1819–1889) ಊರು. ಸವಣೂರು 1948ರವರೆಗೆ ನವಾಬರ ಸಂಸ್ಥಾನವಾಗಿತ್ತು. ಹಿರೇಕೆರೂರು ಸೀಮೆಯ ಅಬಲೂರು ಏಕಾಂತದ ರಾಮಯ್ಯನ ಶಿವಭಕ್ತಿಯ ಐತಿಹ್ಯಕ್ಕೆ ಪ್ರಸಿದ್ಧವಾಗಿದ್ದು, ತ್ರಿಪದಿ ಕವಿ ಸರ್ವಜ್ಞನ ಹೆಸರೂ ಅಬಲೂರು ಮತ್ತು ಮಾಸೂರುಗಳೊಂದಿಗೆ ಸೇರಿಕೊಂಡಿದೆ. ಹಾಲುಮತ, ವೀರಶೈವ, ಸೂಫಿ ಮತ್ತು ದಾಸ ಪರಂಪರೆಗಳು ಇಷ್ಟು ಸಮೀಪದಲ್ಲಿ ಬಾಳಿಬಂದುದರಿಂದ, ಒಂದೇ ಊರಿನವರು ವರ್ಷದ ಬೇರೆ ಬೇರೆ ತಿಂಗಳಲ್ಲಿ ಬೇರೆ ಬೇರೆ ಕುಣಿತಗಳಲ್ಲಿ ಪಾಲ್ಗೊಳ್ಳುವುದು ಇಲ್ಲಿ ಸಾಮಾನ್ಯ.

ರಚನೆಯ ಮೂಲಾಂಶಗಳು

ಈ ಕುಣಿತಗಳನ್ನು ಅರ್ಥಮಾಡಿಕೊಳ್ಳಲು ನಾಲ್ಕು ಅಂಶಗಳನ್ನು ಗುರುತಿಸಬೇಕು.

1. ಆವರ್ತ: ತಾಳದ ಒಂದು ಪೂರ್ಣ ಸುತ್ತು. ಇದು ಸಾಮಾನ್ಯವಾಗಿ ಆರು ಅಥವಾ ಎಂಟು ಎಣಿಕೆಗಳದಾಗಿರುತ್ತದೆ. ಆರು ಎಣಿಕೆಯ ಆವರ್ತ ಮೂರು-ಮೂರಾಗಿಯೂ, ಎಂಟು ಎಣಿಕೆಯದು ನಾಲ್ಕು-ನಾಲ್ಕಾಗಿಯೂ ಒಡೆಯುತ್ತದೆ.

2. ಎತ್ತುಗಡೆ: ಹಾಡು ಆರಂಭವಾಗುವ ಸ್ಥಳ. ಹಾಡು ಯಾವಾಗಲೂ ಮೊದಲ ಪೆಟ್ಟಿನಲ್ಲಿಯೇ ಆರಂಭವಾಗಬೇಕೆಂದಿಲ್ಲ. ಪೆಟ್ಟು ಬಿದ್ದ ಮೇಲೆ ಅರ್ಧ ಎಣಿಕೆ ಬಿಟ್ಟು ಎತ್ತಿಕೊಳ್ಳುವ ಹಾಡುಗಳೂ ಇವೆ. ಆಗ ಕಾಲು ಮೊದಲು ನೆಲ ಮುಟ್ಟುತ್ತದೆ, ದನಿ ಆಮೇಲೆ ಬರುತ್ತದೆ.

3. ಸೊಲ್ಲು ಮತ್ತು ಮರುಸೊಲ್ಲು: ಮುಂದಾಳು ಒಂದು ಸಾಲು ಹಾಡಿದಾಗ ಉಳಿದವರು ಅದನ್ನೇ ಅಥವಾ ಪಲ್ಲವಿಯನ್ನು ಹಾಡುವುದು. ಮುಂದಾಳು ಹಾಡುವಾಗ ಹೆಜ್ಜೆ ಸರಳವಾಗಿರುತ್ತದೆ. ಮೇಳ ಹಾಡುವಾಗ ಹೆಜ್ಜೆ ತುಂಬಿಕೊಳ್ಳುತ್ತದೆ.

4. ಲಯದ ಏರಿಕೆ: ನಿಧಾನದಿಂದ ಆರಂಭಿಸಿ, ನಡುಗತಿಗೆ ಬಂದು, ಚುರುಕು ಗತಿಯಲ್ಲಿ ಮುಗಿಸುವುದು. ಶಾಸ್ತ್ರೀಯ ಸಂಗೀತದ ವಿಳಂಬ, ಮಧ್ಯ, ದ್ರುತಗಳಿಗೆ ಇದು ಸಮಾನಾಂತರವಾದುದು. ಆದರೆ ಇಲ್ಲಿ ಗತಿ ಒಮ್ಮೆಗೇ ಇಮ್ಮಡಿಯಾಗದೆ ಮೆಲ್ಲನೆ ಏರುತ್ತ ಹೋಗುವುದೇ ಹೆಚ್ಚು.

ಹೆಜ್ಜೆಗಳ ಹೆಸರು ಊರಿಂದ ಊರಿಗೆ ಬದಲಾಗುವುದರಿಂದ ಮುಂದಿನ ಭಾಗಗಳಲ್ಲಿ ಹೆಸರಿಗಿಂತ ಚಲನೆಯನ್ನೇ ವಿವರಿಸಲಾಗಿದೆ.

ಡೊಳ್ಳು ಕುಣಿತ

ಡೊಳ್ಳು ಕುಣಿತವು ಹಾಲುಮತ ಕುರುಬ ಸಮುದಾಯದ ಬೀರೇಶ್ವರ ಆರಾಧನೆಯೊಂದಿಗೆ ಬೆಳೆದುಬಂದ ಕಲೆ. ಶಿವನು ಡೊಳ್ಳಾಸುರನೆಂಬ ರಾಕ್ಷಸನನ್ನು ಕೊಂದು, ಅವನ ದೇಹದಿಂದ ಡೊಳ್ಳನ್ನು ಮಾಡಿದನೆಂಬ ಐತಿಹ್ಯ ಇದರ ಹಿಂದಿದೆ. ಮರದ ಉರುಳೆಯಾಕಾರದ ಒಡಲಿಗೆ ಎರಡೂ ಬದಿಯಲ್ಲಿ ಕುರಿ ಅಥವಾ ಆಡಿನ ಚರ್ಮವನ್ನು ಹಗ್ಗದಿಂದ ಬಿಗಿಯಲಾಗುತ್ತದೆ. ಒಂದು ಮುಖಕ್ಕೆ ಕೋಲಿನಿಂದ, ಇನ್ನೊಂದಕ್ಕೆ ಬರಿಗೈಯಿಂದ ಬಾರಿಸುತ್ತಾರೆ.

ತಾಳರಚನೆಯ ದೃಷ್ಟಿಯಿಂದ ಈ ಎರಡು ಮುಖಗಳ ಕೆಲಸ ಬೇರೆ ಬೇರೆ. ಕೋಲಿನ ಪೆಟ್ಟು ಆವರ್ತದ ಮುಖ್ಯ ಎಣಿಕೆಗಳನ್ನು ಸಾರುತ್ತದೆ. ಬರಿಗೈಯ ಪೆಟ್ಟು ಆ ಎಣಿಕೆಗಳ ನಡುವಿನ ಜಾಗವನ್ನು ತುಂಬುತ್ತದೆ. ತಾಳ, ಕಹಳೆ, ಜಾಗಟೆ ಮೊದಲಾದವು ಜೊತೆಗೂಡುತ್ತವೆ. ಹತ್ತಾರು ಡೊಳ್ಳುಗಳು ಒಟ್ಟಿಗೆ ನುಡಿಯುವಾಗ ತಾಳದ ಸಣ್ಣ ನಾದವೇ ಎಲ್ಲರನ್ನೂ ಹಿಡಿದಿಡುತ್ತದೆ. ಅದರ ದನಿ ಡೊಳ್ಳಿಗಿಂತ ಮೇಲಿನ ಸ್ತರದ್ದಾದುದರಿಂದ ಸದ್ದಿನ ನಡುವೆಯೂ ಕೇಳುತ್ತದೆ.

ಡೊಳ್ಳನ್ನು ಸೊಂಟಕ್ಕೆ ಕಟ್ಟಿಕೊಳ್ಳುವುದರಿಂದ ಅದರ ಭಾರವೇ ಹೆಜ್ಜೆಯ ಸ್ವರೂಪವನ್ನು ನಿರ್ಧರಿಸುತ್ತದೆ. ಮೊಳಕಾಲು ಸ್ವಲ್ಪ ಬಾಗಿರಬೇಕು. ಪಾದ ಪೂರ್ತಿ ನೆಲಕ್ಕೂರಬೇಕು. ಕುಣಿತ ಸಾಮಾನ್ಯವಾಗಿ ನಿಂತಲ್ಲಿಯೇ ಮೈ ತೂಗುವುದರಿಂದ ಆರಂಭವಾಗಿ, ಮುಂದೆ-ಹಿಂದೆ ಹೆಜ್ಜೆ, ಪಕ್ಕಕ್ಕೆ ಬಾಗುವಿಕೆ, ಅರ್ಧ ತಿರುವು, ಪೂರ್ಣ ತಿರುವು ಮತ್ತು ಜಿಗಿತಕ್ಕೆ ಸಾಗುತ್ತದೆ. ಸಾಲು, ಅರ್ಧವೃತ್ತ ಮತ್ತು ವೃತ್ತಗಳು ಪ್ರಧಾನ ವಿನ್ಯಾಸಗಳು. ಒಂದು ವಿನ್ಯಾಸದಿಂದ ಇನ್ನೊಂದಕ್ಕೆ ಹೋಗುವಾಗ ಮುಂದಾಳು ಬಾಯಿಂದ ಆಜ್ಞೆ ಕೊಡುವುದಿಲ್ಲ. ತನ್ನ ಡೊಳ್ಳಿನ ಪೆಟ್ಟಿನ ಸರಣಿಯನ್ನು ಬದಲಿಸುತ್ತಾನೆ. ಅದನ್ನು ಕೇಳಿದ ಉಳಿದವರು ನಡೆಯುತ್ತಿರುವ ಆವರ್ತವನ್ನು ಪೂರ್ಣಗೊಳಿಸಿ, ಮುಂದಿನ ಆವರ್ತದ ಮೊದಲ ಪೆಟ್ಟಿಗೆ ಒಟ್ಟಾಗಿ ತಿರುಗುತ್ತಾರೆ. ಒಬ್ಬರ ಹೆಗಲ ಮೇಲೊಬ್ಬರು ನಿಂತು ಬಾರಿಸುವ ಸಾಹಸಭಾಗ ಪ್ರೇಕ್ಷಕರನ್ನು ಹೆಚ್ಚು ಸೆಳೆಯುತ್ತದೆಯಾದರೂ, ಆ ಸ್ಥಿತಿಯಲ್ಲೂ ಪೆಟ್ಟು ತಪ್ಪದಿರುವುದೇ ಅದರ ನಿಜವಾದ ಕೌಶಲ.

ಡೊಳ್ಳಿನ ಪದಗಳು ಇದೇ ಪರಂಪರೆಯ ಹಾಡುಗಳು. ಹಾಲುಮತದ ಪುರಾಣಕಥೆಗಳನ್ನು ಹೇಳುವ ಈ ಪದಗಳನ್ನು ಹಾಡುವಾಗ ಡೊಳ್ಳು ಮೆದುವಾಗಿ ನುಡಿದು ಮಾತು ಕೇಳಲು ಎಡೆ ಕೊಡುತ್ತದೆ. ನುಡಿ ಮುಗಿದೊಡನೆ ಪೂರ್ಣ ದನಿಯಲ್ಲಿ ಏಳುತ್ತದೆ.

ಪುರವಂತಿಕೆ

ವೀರಭದ್ರನ ಆರಾಧನೆಗೆ ಸಂಬಂಧಿಸಿದ ಪುರವಂತಿಕೆ, ದಕ್ಷಿಣ ಕರ್ನಾಟಕದ ವೀರಗಾಸೆಗೆ ನಿಕಟವಾದ ಕಲೆ. ಇದನ್ನು ನಡೆಸುವವರು ಪುರವಂತರು. ಸವಣೂರು ತಾಲ್ಲೂಕಿನ ಕಾರಡಗಿಯ ವೀರಭದ್ರೇಶ್ವರ ಕ್ಷೇತ್ರವು ಈ ಭಾಗದ ವೀರಭದ್ರ ಆರಾಧನೆಯ ಪ್ರಮುಖ ಸ್ಥಳಗಳಲ್ಲಿ ಒಂದು. ಜಾತ್ರೆಗಳಲ್ಲಿ ಮಾತ್ರವಲ್ಲದೆ, ಮನೆತನಗಳು ಮದುವೆಯಂಥ ಶುಭಕಾರ್ಯಗಳಲ್ಲಿ ನಡೆಸುವ ಗುಗ್ಗಳದ ಮೆರವಣಿಗೆಯಲ್ಲೂ ಪುರವಂತರು ಕುಣಿಯುತ್ತಾರೆ. ಸಮಾಳ, ಕರಡಿ, ತಾಳ ಮತ್ತು ಶಹನಾಯಿ ಇದರ ವಾದ್ಯಗಳು.

ಪುರವಂತಿಕೆಯ ವಿಶಿಷ್ಟ ಅಂಗ ಒಡಪು. ದಕ್ಷಯಜ್ಞದ ಧ್ವಂಸ, ವೀರಭದ್ರನ ಅವತಾರ, ಶರಣರ ಮಹಿಮೆ ಮುಂತಾದ ವಿಷಯಗಳನ್ನು ಪ್ರಾಸಬದ್ಧವಾದ, ಏರುದನಿಯ ಗದ್ಯದಲ್ಲಿ ನುಡಿಯುವುದೇ ಒಡಪು. ದಕ್ಷಯಜ್ಞದ ಕಥೆಯನ್ನು ರಾಘವಾಂಕನು ಉದ್ದಂಡ ಷಟ್ಪದಿಯಲ್ಲಿರುವ ತನ್ನ ‘ವೀರೇಶ ಚರಿತೆ’ಯಲ್ಲಿ ಕಾವ್ಯವಾಗಿಸಿದ್ದಾನೆ, ಪುರವಂತರ ಬಾಯಲ್ಲಿ ಅದು ಮೌಖಿಕ ರೂಪದಲ್ಲಿ ಉಳಿದಿದೆ.

ರಚನೆಯಲ್ಲಿ ಪುರವಂತಿಕೆ ಮೌನ ಮತ್ತು ಸದ್ದುಗಳ ಸರದಿಯಾಗಿದೆ. ಒಡಪು ನಡೆಯುವಾಗ ವಾದ್ಯಗಳು ನಿಲ್ಲುತ್ತವೆ. ಆಗ ತಾಳವಿರುವುದು ಮಾತಿನ ಉಸಿರಿನಲ್ಲಿ ಮಾತ್ರ. ಒಡಪಿನ ಕೊನೆಯ ಪದ ಮುಗಿದ ಕ್ಷಣವೇ ವಾದ್ಯಗಳು ಒಟ್ಟಾಗಿ ಎರಗುತ್ತವೆ, ಕುಣಿತ ಆರಂಭವಾಗುತ್ತದೆ. ಹಾಗಾಗಿ ವಾದ್ಯಗಾರರಿಗೆ ಒಡಪು ಬಾಯಿಪಾಠವಾಗಿರಬೇಕು. ಎಲ್ಲಿ ಮುಗಿಯುವುದೆಂದು ತಿಳಿಯದವರು ಸಕಾಲಕ್ಕೆ ಪೆಟ್ಟು ಹಾಕಲಾರರು. ಕುಣಿತದಲ್ಲಿ ಎದೆಯೆತ್ತಿ ಮುನ್ನುಗ್ಗುವ ಹೆಜ್ಜೆ, ಕತ್ತಿ ಬೀಸುತ್ತ ಹಿಂದಕ್ಕೆ ಸರಿಯುವ ಹೆಜ್ಜೆ, ಒಂದೇ ಕಾಲಿನ ಮೇಲೆ ತಿರುಗುವ ಸುತ್ತು ಕಾಣುತ್ತವೆ. ಕಾಲಿನ ಗೆಜ್ಜೆ ಇಲ್ಲಿ ಅಲಂಕಾರವಷ್ಟೇ ಅಲ್ಲ. ಸಮಾಳದ ಪೆಟ್ಟಿಗೆ ಉತ್ತರ ಕೊಡುವ ವಾದ್ಯವೂ ಹೌದು. ಹರಕೆಯ ಭಾಗವಾಗಿ ಶಸ್ತ್ರ ಧರಿಸುವ, ಎಂದರೆ ಕೆನ್ನೆ ಅಥವಾ ನಾಲಿಗೆಗೆ ಸಲಾಕೆ ಚುಚ್ಚಿಕೊಳ್ಳುವ ಪದ್ಧತಿಯೂ ಇದೆ.

ಹೆಜ್ಜೆಮೇಳ

ಮೊಹರಂ ಸಂದರ್ಭದಲ್ಲಿ ನಡೆಯುವ ಹೆಜ್ಜೆಮೇಳವು ಉತ್ತರ ಕರ್ನಾಟಕದ ಹಿಂದೂ ಮತ್ತು ಮುಸ್ಲಿಂ ಸಮುದಾಯಗಳು ಕೂಡಿ ನಡೆಸಿಕೊಂಡು ಬಂದ ಕಲೆ. ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ನಡೆದ ಇಮಾಮ್ ಹುಸೇನರ ಬಲಿದಾನದ ಕಥನವೇ ಇದರ ಹಾಡುಗಳ ಕೇಂದ್ರ. ಈ ಹಾಡುಗಳಿಗೆ ರಿವಾಯತ್ ಪದಗಳೆಂದೂ, ಅಲಾಯಿ ಕುಣಿಯ ಸುತ್ತ ಹಾಡುವವಕ್ಕೆ ಅಲಾವಿ ಪದಗಳೆಂದೂ ಹೆಸರು. ಶಿಶುನಾಳ ಶರೀಫರೂ ಈ ಬಗೆಯ ಪದಗಳನ್ನು ರಚಿಸಿದ್ದಾರೆ.

ಕೈಯಲ್ಲಿ ಬಣ್ಣದ ಕರವಸ್ತ್ರ ಹಿಡಿದು, ಕಾಲಿಗೆ ಗೆಜ್ಜೆ ಕಟ್ಟಿ, ಸುತ್ತುಗಟ್ಟಿ ಕುಣಿಯುವುದು ಇದರ ಸಾಮಾನ್ಯ ರೂಪ. ಹೆಸರೇ ಸೂಚಿಸುವಂತೆ ಇಲ್ಲಿ ಹೆಜ್ಜೆಯೇ ಪ್ರಧಾನ, ವಾದ್ಯ ಮಿತವಾಗಿರುತ್ತದೆ. ಹಾಡು ಕರುಣರಸದ್ದಾದರೂ ಹೆಜ್ಜೆ ಜಡವಾಗುವುದಿಲ್ಲ. ಸುತ್ತಿನ ಒಳಕ್ಕೆ ಬಾಗಿ ಹೆಜ್ಜೆ ಇಡುವುದು, ಮತ್ತೆ ಹೊರಕ್ಕೆ ಸರಿದು ಕರವಸ್ತ್ರ ಬೀಸುವುದು, ಈ ಎರಡು ಚಲನೆಗಳು ಸೊಲ್ಲು ಮತ್ತು ಮರುಸೊಲ್ಲುಗಳಿಗೆ ಹೊಂದಿಕೊಳ್ಳುತ್ತವೆ. ಮುಂದಾಳು ಕಥೆ ಹೇಳುವಾಗ ಸುತ್ತು ನಿಧಾನವಾಗಿ ಸಾಗುತ್ತದೆ. ಮೇಳ ಪಲ್ಲವಿ ಹಿಡಿದಾಗ ಎಲ್ಲ ಕಾಲುಗಳೂ ಒಮ್ಮೆಗೇ ನೆಲ ಮುಟ್ಟುತ್ತವೆ. ನೂರಾರು ಗೆಜ್ಜೆಗಳು ಒಂದೇ ಪೆಟ್ಟಾಗಿ ಕೇಳಿದರೆ ಮೇಳ ಪಳಗಿದೆ ಎಂದು ಅರ್ಥ.

ಕೋಲಾಟ

ಕೋಲಾಟವನ್ನು ಗಂಡಸರು, ಹೆಂಗಸರು, ಮಕ್ಕಳು ಎಲ್ಲರೂ ಆಡುತ್ತಾರೆ. ಕಾರ್ತಿಕದ ಗೌರಿ ಹುಣ್ಣಿಮೆಯಲ್ಲಿ ಸಕ್ಕರೆ ಆರತಿ ಹಿಡಿದು ಹೋಗುವ ಹೆಣ್ಣುಮಕ್ಕಳ ಹಾಡು ಮತ್ತು ಕೋಲಾಟ ಈ ಸೀಮೆಯ ವಿಶೇಷ. ಸುಮಾರು ಒಂದರಿಂದ ಒಂದೂವರೆ ಅಡಿ ಉದ್ದದ ಗಟ್ಟಿ ಮರದ ಎರಡು ಕೋಲುಗಳು ಪ್ರತಿಯೊಬ್ಬರ ಕೈಯಲ್ಲಿರುತ್ತವೆ. ಜೋಡಿಯಾಗಿ ಆಡಬೇಕಾದುದರಿಂದ ಆಟಗಾರರ ಸಂಖ್ಯೆ ಸಮಸಂಖ್ಯೆಯಾಗಿರಬೇಕು.

ಎಂಟು ಎಣಿಕೆಯ ಒಂದು ಸರಳ ಆವರ್ತವನ್ನು ಹೀಗೆ ಬರೆಯಬಹುದು:

ಒಂದು – ತನ್ನ ಎರಡು ಕೋಲುಗಳನ್ನು ತಾನೇ ಕೂಡಿಸುವುದು
ಎರಡು – ಎದುರಿನವರ ಬಲಗೋಲಿಗೆ ತನ್ನ ಬಲಗೋಲು
ಮೂರು – ಮತ್ತೆ ತನ್ನ ಕೋಲುಗಳು
ನಾಲ್ಕು – ಎದುರಿನವರ ಎಡಗೋಲಿಗೆ ತನ್ನ ಎಡಗೋಲು
ಐದು – ತನ್ನ ಕೋಲುಗಳು
ಆರು – ಎರಡೂ ಕೋಲುಗಳನ್ನು ಎದುರಿನವರ ಕೋಲುಗಳಿಗೆ
ಏಳು – ಪೆಟ್ಟಿಲ್ಲದೆ ತಿರುವು
ಎಂಟು – ಹೊಸ ಜೊತೆಗಾರರ ಎದುರು ನಿಲುವು

ಇಲ್ಲಿ ಒಂದು, ಮೂರು, ಐದನೆಯ ಎಣಿಕೆಗಳ ಪೆಟ್ಟು ತನ್ನದೇ ಕೈಯಲ್ಲಿರುವುದರಿಂದ ಆಟಗಾರರು ತಮ್ಮ ಲಯವನ್ನು ತಾವೇ ಸರಿಪಡಿಸಿಕೊಳ್ಳಬಹುದು. ಎರಡು, ನಾಲ್ಕು, ಆರನೆಯ ಎಣಿಕೆಗಳು ಇನ್ನೊಬ್ಬರೊಂದಿಗೆ ಹೊಂದಿಸಿಕೊಂಡದ್ದನ್ನು ಪರೀಕ್ಷಿಸುತ್ತವೆ. ಹದಿನಾರು ಜನ ಒಳಸುತ್ತು ಮತ್ತು ಹೊರಸುತ್ತಾಗಿ ಎಂಟೆಂಟು ಮಂದಿ ನಿಂತಿದ್ದಾರೆಂದು ಭಾವಿಸೋಣ. ಒಳಸುತ್ತಿನವರು ನಿಂತಲ್ಲಿಯೇ ಇದ್ದು, ಹೊರಸುತ್ತಿನವರು ಪ್ರತಿ ಆವರ್ತಕ್ಕೆ ಒಂದು ಸ್ಥಾನ ಸರಿದರೆ, ಎಂಟು ಆವರ್ತಗಳಾದ ಮೇಲೆ ಎಲ್ಲರೂ ಮೊದಲಿನ ಜೊತೆಗಾರರ ಎದುರಿಗೆ ಬರುತ್ತಾರೆ. ಹಾಡಿನ ನುಡಿಗಳನ್ನು ಈ ಲೆಕ್ಕಕ್ಕೆ ಹೊಂದಿಸಿ ಮುಗಿಸುವುದು ಹಾಡುಗಾರರ ಜಾಣ್ಮೆ.

ಜಡೆ ಕೋಲಾಟದಲ್ಲಿ ಈ ಲೆಕ್ಕ ಕಣ್ಣಿಗೆ ಕಾಣುವಂತಾಗುತ್ತದೆ. ಮೇಲಿನಿಂದ ಇಳಿಬಿಟ್ಟ ಬಣ್ಣದ ಹಗ್ಗಗಳನ್ನು ಹಿಡಿದ ಆಟಗಾರರು ಒಬ್ಬರ ಒಳಗೆ, ಮತ್ತೊಬ್ಬರ ಹೊರಗೆ ಸಾಗುತ್ತ ಜಡೆ ಹೆಣೆಯುತ್ತಾರೆ. ಬಳಿಕ ಅದೇ ಹೆಜ್ಜೆಗಳನ್ನು ತಿರುಗುಮುರುಗಾಗಿ ಹಾಕಿ ಜಡೆ ಬಿಚ್ಚಬೇಕು. ಹೆಣೆಯುವಾಗ ಎಷ್ಟು ಆವರ್ತಗಳಾದವೋ ಬಿಚ್ಚುವಾಗಲೂ ಅಷ್ಟೇ ಆಗಬೇಕು. ಒಬ್ಬರು ಒಂದು ತಿರುವು ತಪ್ಪಿದರೂ ಜಡೆ ಗಂಟಾಗುತ್ತದೆ.

ತ್ರಿಪದಿ ಮತ್ತು ಹೆಜ್ಜೆಯ ಹೊಂದಾಣಿಕೆ

ಹೆಂಗಸರ ಹಾಡುಗಳಲ್ಲಿ ತ್ರಿಪದಿಗೆ ಪ್ರಮುಖ ಸ್ಥಾನವಿದೆ. ತ್ರಿಪದಿಯಲ್ಲಿ ಒಟ್ಟು ಹನ್ನೊಂದು ಅಂಶಗಣಗಳಿದ್ದು, ಮೊದಲ ಎರಡು ಸಾಲುಗಳಲ್ಲಿ ನಾಲ್ಕು ನಾಲ್ಕು, ಮೂರನೆಯ ಸಾಲಿನಲ್ಲಿ ಮೂರು ಗಣಗಳಿರುತ್ತವೆ. ಆರನೆಯ ಮತ್ತು ಹತ್ತನೆಯ ಗಣಗಳು ಎರಡು ಅಂಶಗಳ ಬ್ರಹ್ಮಗಣಗಳು. ಉಳಿದವು ಮೂರು ಅಂಶಗಳ ವಿಷ್ಣುಗಣಗಳು. ಅಂದರೆ ಮೂರು ಸಾಲುಗಳ ಅಂಶಗಳು ಕ್ರಮವಾಗಿ 12, 11 ಮತ್ತು 8. ಈ ಅಸಮವಾದ ಪದ್ಯಕ್ಕೆ ಸಮವಾದ ಹೆಜ್ಜೆ ಹೇಗೆ ಕೂಡುತ್ತದೆ ಎಂಬ ಪ್ರಶ್ನೆ ವಿದ್ಯಾರ್ಥಿಗಳಿಗೆ ಸಹಜವಾಗಿ ಬರುತ್ತದೆ.

ಉತ್ತರ ಹಾಡುವ ಕ್ರಮದಲ್ಲಿದೆ. ಎರಡನೆಯ ಸಾಲಿನ ಕೊನೆಯ ಭಾಗವನ್ನು ಮತ್ತೆ ಹಾಡಿ ಮೂರನೆಯ ಸಾಲಿಗೆ ಸೇರುವುದರಿಂದ ತ್ರಿಪದಿಯು ಕಿವಿಗೆ ನಾಲ್ಕು ಸಾಲಿನಂತೆ ಕೇಳುತ್ತದೆ. ಅಂಶಗಣಗಳು ಹಿಗ್ಗುವ ಮತ್ತು ಕುಗ್ಗುವ ಗುಣವುಳ್ಳವಾದುದರಿಂದ, ಕಡಿಮೆ ಬಿದ್ದ ಅಂಶವನ್ನು ಸ್ವರ ಎಳೆದು ತುಂಬಬಹುದು. ಇದರ ಮೇಲೆ ಕೋಲಿನ ಪಲ್ಲವಿ ಸೇರಿದಾಗ ಉಳಿದ ಎಣಿಕೆಗಳೂ ತುಂಬುತ್ತವೆ. ಪುಸ್ತಕದಲ್ಲಿ ಮೂರು ಸಾಲಾಗಿ ಅಚ್ಚಾದ ತ್ರಿಪದಿಯನ್ನು ಓದಿದವರಿಗೆ ಈ ಪುನರಾವರ್ತನೆ ಕಾಣುವುದಿಲ್ಲ. ಕುಣಿದವರ ಕಾಲಿಗೆ ಅದು ತಿಳಿದಿರುತ್ತದೆ.

ದೊಡ್ಡಾಟದ ಕುಣಿತ

ದೊಡ್ಡಾಟವು ರಾತ್ರಿಯಿಡೀ ನಡೆಯುವ ಬಯಲಾಟ. ರಾಮಾಯಣ, ಮಹಾಭಾರತ ಮತ್ತು ಪುರಾಣಗಳ ಪ್ರಸಂಗಗಳು ಇದರ ವಸ್ತು. ಭಾಗವತ, ಮದ್ದಳೆ ಮತ್ತು ತಾಳಗಳು ಹಿಮ್ಮೇಳದ ಆಧಾರ. ಪದ್ಯ, ಕುಣಿತ, ಮಾತು ಎಂಬ ಮೂರು ಭಾಗಗಳು ಸರದಿಯಾಗಿ ಬರುತ್ತವೆ.

ಪ್ರಸಂಗಗಳಲ್ಲಿ ಬಳಕೆಯಾಗುವ ಛಂದಸ್ಸು ಹೆಜ್ಜೆಯ ಗತಿಗೆ ಸುಳಿವು ನೀಡುತ್ತದೆ. ಭಾಮಿನಿ ಷಟ್ಪದಿಯಲ್ಲಿ ಮೂರು ಮತ್ತು ನಾಲ್ಕು ಮಾತ್ರೆಯ ಗಣಗಳು ಒಂದರ ಬಳಿಕ ಒಂದು ಬರುವುದರಿಂದ ಏಳರ ನಡೆ ಹುಟ್ಟುತ್ತದೆ. ವಾರ್ಧಕ ಷಟ್ಪದಿಯಲ್ಲಿ ಐದು ಮಾತ್ರೆಯ ಗಣಗಳಿದ್ದು ನಡೆ ಬಿರುಸಾಗುತ್ತದೆ. ಕಂದಪದ್ಯದ ನಾಲ್ಕು ಮಾತ್ರೆಯ ಗಣಗಳು ಸಮನಡೆಯವು. ರಾಜವೇಷ ಮತ್ತು ರಾಕ್ಷಸವೇಷಗಳು ಭಾರವಾದ ಭುಜಕೀರ್ತಿ, ಕಿರೀಟಗಳನ್ನು ಧರಿಸುವುದರಿಂದ ಅವರ ಹೆಜ್ಜೆ ಅಗಲವಾಗಿಯೂ ಬಲವಾಗಿಯೂ ಇರುತ್ತದೆ. ಸ್ತ್ರೀವೇಷದ ಹೆಜ್ಜೆ ಕಿರಿದಾಗಿರುತ್ತದೆ.

ಇತರ ದೇಶಗಳ ಕುಣಿತಗಳೊಂದಿಗೆ ಹೋಲಿಕೆ

ಕೋಲು ತಾಗಿಸಿ ಕುಣಿಯುವ ಪದ್ಧತಿ ಭಾರತಕ್ಕೆ ಸೀಮಿತವಲ್ಲ. ಗುಜರಾತಿನ ದಾಂಡಿಯಾ ರಾಸ್, ಇಂಗ್ಲೆಂಡಿನ ಮಾರಿಸ್ ನೃತ್ಯದ ಕೆಲವು ಬಗೆಗಳು ಹಾಗೂ ಸ್ಪೇನ್-ಫ್ರಾನ್ಸ್ ಗಡಿಯಲ್ಲಿ ವಾಸಿಸುವ ಬಾಸ್ಕ್ ಜನರ ಮಕಿಲ್ ದಾಂತ್ಸ ಕೋಲಾಟವನ್ನು ನೆನಪಿಸುತ್ತವೆ. ಬಾಸ್ಕ್ ಕುಣಿತಗಳಿಗೆ ಒಬ್ಬನೇ ವಾದಕನು ಎಡಗೈಯಲ್ಲಿ ಮೂರು ರಂಧ್ರದ ಚಿಸ್ತು ಎಂಬ ಕೊಳಲು ನುಡಿಸುತ್ತ, ಬಲಗೈಯಿಂದ ಸಣ್ಣ ಡೋಲು ಬಾರಿಸುತ್ತಾನೆ. ಅವರ ಸೊರ್ತ್ಸಿಕೊ ಎಂಬ ಲಯ ಸಾಮಾನ್ಯವಾಗಿ ಐದು ಎಣಿಕೆಯದು. ವಾರ್ಧಕ ಷಟ್ಪದಿಯ ಐದು ಮಾತ್ರೆಯ ನಡೆಯನ್ನು ಬಲ್ಲ ಕನ್ನಡಿಗರಿಗೆ ಅದು ಅಪರಿಚಿತವೆನಿಸದು. ಇವು ಪರಸ್ಪರ ಸಂಪರ್ಕದಿಂದ ಬಂದ ಹೋಲಿಕೆಗಳೆಂದು ಭಾವಿಸಬೇಕಾಗಿಲ್ಲ. ಎರಡು ಕೈ, ಎರಡು ಕಾಲು, ಎರಡು ಕೋಲು ಇರುವಲ್ಲಿ ಇಂಥ ವಿನ್ಯಾಸಗಳು ಸ್ವತಂತ್ರವಾಗಿಯೂ ಹುಟ್ಟಬಲ್ಲವು.

ಬದಲಾವಣೆಗಳು

ಈ ಕುಣಿತಗಳು ಜಾತ್ರೆಯ ಬೀದಿಯಿಂದ ಸಭಾವೇದಿಕೆಗೆ, ಉತ್ಸವದ ಮೆರವಣಿಗೆಗೆ ಮತ್ತು ಶಾಲಾ ಸ್ಪರ್ಧೆಗೆ ಬಂದಿವೆ. ಇದರಿಂದ ಕಲಾವಿದರಿಗೆ ಮನ್ನಣೆಯೂ ಸಂಭಾವನೆಯೂ ದೊರೆತಿವೆ. ಹಿಂದೆ ಗಂಡಸರಿಗೆ ಮೀಸಲಾಗಿದ್ದ ಡೊಳ್ಳು ಕುಣಿತದಲ್ಲಿ ಮಹಿಳಾ ತಂಡಗಳು ಮೂಡಿವೆ. ಆದರೆ ರಚನೆಯ ಮೇಲೆ ಮೂರು ಪರಿಣಾಮಗಳಾಗಿವೆ.

ಮೊದಲನೆಯದು ಸಮಯದ ಮಿತಿ. ಕೆಲವೇ ನಿಮಿಷಗಳಲ್ಲಿ ಮುಗಿಸಬೇಕಾದಾಗ ನಿಧಾನಗತಿಯ ಆರಂಭವನ್ನೇ ಮೊದಲು ಕೈಬಿಡಲಾಗುತ್ತದೆ. ಹೊಸಬರು ಹೆಜ್ಜೆ ಕಲಿಯುತ್ತಿದ್ದುದು ಆ ನಿಧಾನಗತಿಯಲ್ಲಿಯೇ. ಎರಡನೆಯದು ಮುದ್ರಿತ ಹಾಡು. ಧ್ವನಿವರ್ಧಕದಿಂದ ಬರುವ ಹಾಡಿಗೆ ಕೋಲಾಟವಾಡುವಾಗ ಹಾಡು ಆಟಗಾರರಿಗಾಗಿ ಕಾಯುವುದಿಲ್ಲ. ಜೋಡಿ ತಪ್ಪಿದಾಗ ಒಂದು ಪಲ್ಲವಿ ಹೆಚ್ಚಾಗಿ ಹಾಡಿ ಸುತ್ತನ್ನು ಸರಿಪಡಿಸುತ್ತಿದ್ದ ಮುಂದಾಳಿನ ಪಾತ್ರ ಅಲ್ಲಿ ಇಲ್ಲವಾಗುತ್ತದೆ. ಮೂರನೆಯದು ವಾದ್ಯದ ಬದಲಾವಣೆ. ಡೊಳ್ಳಿನ ಚರ್ಮ ತೇವಕ್ಕೆ ಸಡಿಲಗೊಳ್ಳುವುದರಿಂದ ಅದನ್ನು ಬಿಸಿಲು ಅಥವಾ ಬೆಂಕಿಯ ಕಾವಿಗೆ ಹಿಡಿದು ಹದಗೊಳಿಸಬೇಕು. ಪ್ಲಾಸ್ಟಿಕ್ ಹೊದಿಕೆಯ ಡೊಳ್ಳುಗಳಲ್ಲಿ ಆ ತೊಂದರೆ ಇಲ್ಲ. ಆದರೆ ಬರಿಗೈಯ ಪೆಟ್ಟು ಮತ್ತು ಕೋಲಿನ ಪೆಟ್ಟುಗಳ ನಡುವಿನ ನಾದಭೇದ ಅವುಗಳಲ್ಲಿ ತಗ್ಗುತ್ತದೆ.

ಅಧ್ಯಯನ ಮತ್ತು ದಾಖಲೀಕರಣ

ಜಾನಪದದ ಅಧ್ಯಯನಕ್ಕೆಂದೇ ಸ್ಥಾಪಿತವಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವು 2011ರಿಂದ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿದೆ. ಅದೇ ಊರಿನಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ರೂಪಿಸಿದ ಉತ್ಸವ ರಾಕ್ ಗಾರ್ಡನ್ ಉತ್ತರ ಕರ್ನಾಟಕದ ಗ್ರಾಮಜೀವನವನ್ನು ಶಿಲ್ಪಗಳಲ್ಲಿ ತೋರಿಸುತ್ತದೆ. ಕರ್ನಾಟಕ ಜಾನಪದ ಅಕಾಡೆಮಿ ಮತ್ತು ಕರ್ನಾಟಕ ಬಯಲಾಟ ಅಕಾಡೆಮಿಗಳೂ ಈ ಕ್ಷೇತ್ರದಲ್ಲಿ ಕೆಲಸ ಮಾಡುತ್ತಿವೆ.

ಹಾಡುಗಳ ಪಠ್ಯವನ್ನು ಸಂಗ್ರಹಿಸುವ ಕೆಲಸ ಕನ್ನಡದಲ್ಲಿ ದೀರ್ಘಕಾಲದಿಂದ ನಡೆದಿದೆ. ಹೆಜ್ಜೆಯನ್ನು ದಾಖಲಿಸುವುದು ಅದಕ್ಕಿಂತ ಕಷ್ಟ. ವಿಡಿಯೊದಲ್ಲಿ ಚಲನೆ ಉಳಿಯುತ್ತದೆ, ಆದರೆ ಎಣಿಕೆ ಹೇಗೆ ನಡೆಯಿತೆಂಬುದು ಅದರಿಂದಲೇ ತಿಳಿಯುವುದಿಲ್ಲ. ಕ್ಷೇತ್ರಕಾರ್ಯ ಮಾಡುವ ವಿದ್ಯಾರ್ಥಿಗಳು ಈ ಅಂಶಗಳನ್ನು ಗಮನಿಸಿ ಬರೆದುಕೊಂಡರೆ ದಾಖಲೆ ಹೆಚ್ಚು ಉಪಯುಕ್ತವಾಗುತ್ತದೆ:

• ಆವರ್ತದ ಎಣಿಕೆ ಎಷ್ಟು, ಅದು ಹೇಗೆ ಒಡೆಯುತ್ತದೆ
• ಹಾಡಿನ ಎತ್ತುಗಡೆ ಯಾವ ಎಣಿಕೆಯಲ್ಲಿದೆ
• ಯಾವ ಕಾಲು ಮೊದಲು, ಭಾರ ಯಾವ ಕಾಲಿನ ಮೇಲೆ
• ಯಾವ ಪದ ಅಥವಾ ಸಾಲು ಎಷ್ಟು ಬಾರಿ ಪುನರಾವರ್ತನೆಯಾಗುತ್ತದೆ
• ತಿರುವಿಗೆ ಮುನ್ಸೂಚನೆ ಕೊಡುವವರು ಯಾರು, ಹೇಗೆ
• ಕುಣಿತ ನಡೆದ ಸಂದರ್ಭ ಆಚರಣೆಯದೋ ಪ್ರದರ್ಶನದ್ದೋ
• ಕಲಾವಿದರು ಆ ಹೆಜ್ಜೆಗೆ ಇಟ್ಟಿರುವ ಹೆಸರು

ಕೊನೆಯ ಅಂಶವನ್ನು ಹಿರಿಯ ಕಲಾವಿದರಿಂದ ಕೇಳಿಯೇ ತಿಳಿಯಬೇಕು. ಹೆಜ್ಜೆ ಉಳಿದು ಹೆಸರು ಮರೆತರೆ, ಮುಂದಿನವರಿಗೆ ಅದನ್ನು ಕಲಿಸುವಾಗ ತೋರಿಸಬಹುದೇ ಹೊರತು ಹೇಳಲಾಗದು.

ಇವನ್ನೂ ನೋಡಿ

• ಡೊಳ್ಳು ಕುಣಿತ
• ವೀರಗಾಸೆ
• ಕೋಲಾಟ
• ದೊಡ್ಡಾಟ
• ತ್ರಿಪದಿ
• ಶಿಶುನಾಳ ಶರೀಫ
• ಕರ್ನಾಟಕ ಜಾನಪದ ವಿಶ್ವವಿದ್ಯಾಲಯ